ಅಕ್ಕನ ಖಾತೆ, ತಮ್ಮನ ಕೈ

ಹಿಂದೂಪುರದ ಹುಣಸೆಹಣ್ಣಿನ ಮಾರುಕಟ್ಟೆಯಲ್ಲಿ ರಾಶಿಯಿಂದ ಒಂದೆಳೆ ಕಿತ್ತು ಬಾಯಿಗೆ ಹಾಕಿಕೊಂಡು, ಇದು ಕರಿಪುಳಿ, ಅದು ಫ್ಲವರ್ ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲ ಮಂಡಿ ಯಜಮಾನರಿದ್ದಾರೆ. ಕ್ವಿಂಟಾಲಿಗೆ ನೂರು ರೂಪಾಯಿ ಆಚೀಚೆಯಾದರೆ ಅವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಅದೇ ಯಜಮಾನರನ್ನು ‘ನಿಮ್ಮ ಉಳಿತಾಯ ಖಾತೆಗೆ ಬಡ್ಡಿ ಎಷ್ಟು ಸ್ವಾಮಿ?’ ಎಂದು ಕೇಳಿ ನೋಡಿ. ‘ಅದೇನೋ ಹಾಕ್ತಾರೆ ಬಿಡಿ’ ಎಂದು ಮಾತು ಮಳೆಯ ಕಡೆಗೆ ತಿರುಗಿಸುತ್ತಾರೆ.

ಈ ಬರಹದ ನಾಯಕರೂ ಅಂಥವರೇ. ಹೆಸರು ಬೇಡ, ಕೈಸಾಲ ಕೊಟ್ಟವರು ಓದಿದರೆ ತೊಂದರೆ.

ತಪ್ಪು ಪೂರ್ತಿ ಅವರದಲ್ಲ. ಉಳಿತಾಯ ಖಾತೆಯ ಬಡ್ಡಿ ಬಹುಕಾಲ ರಿಸರ್ವ್ ಬ್ಯಾಂಕ್ ಬರೆದದ್ದೇ ಹಣೆಬರಹ. 2003ರಿಂದ 2011ರ ಮೇವರೆಗೆ ಯಾವ ಬ್ಯಾಂಕಿಗೆ ಹೋದರೂ ಶೇಕಡಾ ಮೂರೂವರೆ. ಆಗ ಬ್ಯಾಂಕು ಆರಿಸುವುದಕ್ಕೆ ಬೇರೆ ಕಾರಣಗಳು ಬೇಕಾಗಿದ್ದವು: ಮಂಡಿಗೆ ಹತ್ತಿರವೋ, ಸರದಿ ನಿಲ್ಲುವ ಕಡೆ ಫ್ಯಾನು ತಿರುಗುತ್ತದೋ, ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರಿನಲ್ಲಿ ರಾಹುಕಾಲ ದಪ್ಪಕ್ಷರದಲ್ಲಿದೆಯೋ. ಯಜಮಾನರು ಕ್ಯಾಲೆಂಡರ್ ನೋಡಿ ಖಾತೆ ತೆರೆದವರು. 2011ರ ಅಕ್ಟೋಬರ್ 25ರಂದು ರಿಸರ್ವ್ ಬ್ಯಾಂಕು ಹಗ್ಗ ಬಿಚ್ಚಿತು. ಯಾರು ಎಷ್ಟು ಬೇಕಾದರೂ ಕೊಡಬಹುದು. ಬಡ್ಡಿ ಮೇಲೇರೀತೆಂದು ಕಾದವರು ಕಾದೇ ಕಾದರು; 2025ರ ಜೂನ್ 15ರಿಂದ ಸ್ಟೇಟ್ ಬ್ಯಾಂಕಿನಲ್ಲಿ ಸಿಗುವುದು ಶೇಕಡಾ ಎರಡೂವರೆ. ಕೆಲವು ಸಣ್ಣ ಹಣಕಾಸು ಬ್ಯಾಂಕುಗಳು ಹೆಚ್ಚು ಕೊಡುತ್ತವೆ, ನಿಜ. ಐದು ಲಕ್ಷದವರೆಗಿನ ಠೇವಣಿಗೆ ವಿಮೆಯೂ ಇದೆ. ಆದರೆ ಹೆಸರಿನಲ್ಲೇ ‘ಸಣ್ಣ’ ಎಂದಿರುವ ಕಡೆ ದುಡ್ಡಿಡುವುದು ಮಂಡಿಯವರಿಗೆ ಮರ್ಯಾದೆಯ ಪ್ರಶ್ನೆ.

ಯಜಮಾನರ ಅಕ್ಕನನ್ನು ಕೊಟ್ಟದ್ದು ಕಲ್ಯಾಣದುರ್ಗಕ್ಕೆ. ಪಾವಗಡದ ಮೇಲೆ ಹೋದರೆ ಆಂಧ್ರದಿಂದ ಹೊರಟು, ಕರ್ನಾಟಕ ಹೊಕ್ಕು, ಮತ್ತೆ ಆಂಧ್ರದಲ್ಲಿ ಇಳಿಯುವ ದಾರಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬ್ಯಾಂಕಿನ ಚಲನ್ ಮೇಲೆ ತೆಲುಗು, ಹಿಂದಿ, ಇಂಗ್ಲಿಷ್. ಅಕ್ಕ ಕಡ್ಲೆಕಾಯಿ ಬೆಳೆಯುವವರು. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಹೊಟ್ಟು. ಆದ್ದರಿಂದ ಬಂದ ದುಡ್ಡನ್ನು ಎಲ್ಲಿಡಬೇಕೆಂಬ ವಿಷಯದಲ್ಲಿ ಬಲು ಚುರುಕು.

ಹಾಗೆಂದು ಅವರು ಬ್ಯಾಂಕಿಂದ ಬ್ಯಾಂಕಿಗೆ ಅಲೆದವರಲ್ಲ. ಬ್ಯಾಂಕುಗಳೇ ಅವರ ಸುತ್ತ ಬದಲಾದವು. ಖಾತೆ ತೆರೆದಾಗ ಅದು ಶ್ರೀ ಅನಂತ ಗ್ರಾಮೀಣ ಬ್ಯಾಂಕ್. 2006ರಲ್ಲಿ ಅದು ರಾಯಲಸೀಮಾ, ಪಿನಾಕಿನಿ ಬ್ಯಾಂಕುಗಳೊಂದಿಗೆ ಸೇರಿ ಆಂಧ್ರ ಪ್ರಗತಿಯಾಯಿತು. 2025ರ ಮೇ 1ರಂದು ರಾಜ್ಯದ ನಾಲ್ಕು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಆಂಧ್ರಪ್ರದೇಶ ಗ್ರಾಮೀಣ ಬ್ಯಾಂಕಾದವು. ಪ್ರಗತಿಯ ಬೆನ್ನಿಗಿದ್ದ ಉಡುಪಿ ಮೂಲದ ಸಿಂಡಿಕೇಟ್ ಬ್ಯಾಂಕು 1928ರಲ್ಲೇ ದಿನಕ್ಕೆ ಎರಡಾಣೆಯ ಪಿಗ್ಮಿ ಠೇವಣಿ ಶುರುಮಾಡಿ ಮನೆಬಾಗಿಲಿಗೆ ಬಂದು ಕಾಸು ಎತ್ತಿದ ಬ್ಯಾಂಕು. 2020ರ ಏಪ್ರಿಲ್‌ನಲ್ಲಿ ಅದೂ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಬೋರ್ಡು ಬದಲಾದಾಗಲೆಲ್ಲ ಅಕ್ಕ ಪಾಸ್‌ಪುಸ್ತಕ ಹಿಡಿದು ಹೋಗಿ ‘ನನ್ನ ದುಡ್ಡು ಐತಾ?’ ಎಂದು ಕೇಳಿ, ‘ಐತಮ್ಮಾ’ ಅನ್ನಿಸಿಕೊಂಡು ಬರುತ್ತಾರೆ. ಇವತ್ತಿಗೂ ಅವರ ಬಾಯಲ್ಲಿ ಅದು ‘ಅನಂತ ಬ್ಯಾಂಕು’.

ಇತ್ತ ಯಜಮಾನರ ದುಡ್ಡು ಕೈಗೆಟುಕುವಂತಿರಬೇಕು. ಎಟಿಎಂ ಕಾರ್ಡು ಜೇಬಲ್ಲಿ, ಯುಪಿಐ ಬೆರಳ ತುದಿಯಲ್ಲಿ. ತೊಂದರೆಯೆಂದರೆ, ಹೀಗೆ ಸುಲಭವಾಗಿ ಸಿಗುವ ದುಡ್ಡು ಅವರೊಬ್ಬರಿಗೇ ಸುಲಭವಾಗಿ ಸಿಗುವುದಿಲ್ಲ. ಮಂಡಿಯ ಮೇಜಿನ ಮೇಲೆ ಕೂತ ಸೌಂಡ್‌ಬಾಕ್ಸು ಯಾರು ಎಷ್ಟು ಹಾಕಿದರೆಂದು ತೆಲುಗಿನಲ್ಲಿ ಬೀದಿಗೆ ಕೇಳುವಂತೆ ಸಾರುತ್ತದೆ. ಅದು ಸಾರಿದ ಅರ್ಧ ಗಂಟೆಯೊಳಗೆ ಷಡ್ಡಕರೊಬ್ಬರು ಟೀ ಕುಡಿಯುವ ನೆಪದಲ್ಲಿ ಹಾಜರು. ಮೊದಲೆಲ್ಲ ‘ಬ್ಯಾಂಕು ಮುಚ್ಚಿದೆ, ನಾಳೆ ನೋಡೋಣ’ ಎಂದು ಸಾಗಹಾಕಬಹುದಿತ್ತು. ಈಗ ಎರಡನೇ ಶನಿವಾರ ಮಧ್ಯರಾತ್ರಿಯೂ ಫೋನಲ್ಲೇ ಕಳಿಸಬಹುದೆಂಬುದು ಷಡ್ಡಕರಿಗೂ ಗೊತ್ತು.

ಇನ್ನು ಎಟಿಎಂ. ಇನ್ನೂರು ಇನ್ನೂರಾಗಿ ತೆಗೆಯುವುದು ಯಜಮಾನರ ಮಿತವ್ಯಯ. ಸ್ವಂತ ಬ್ಯಾಂಕಿನ ಯಂತ್ರದಲ್ಲಿ ತಿಂಗಳಿಗೆ ಐದು ಸಲ ಪುಕ್ಕಟೆ. ಆಮೇಲೆ ಪ್ರತಿ ಸಲಕ್ಕೂ 23 ರೂಪಾಯಿವರೆಗೆ ಶುಲ್ಕ, ಮೇಲೆ ತೆರಿಗೆ. ಐವತ್ತು ಸಾವಿರಕ್ಕೆ ಎರಡೂವರೆಯಂತೆ ದಿನಕ್ಕೆ ಬೀಳುವ ಬಡ್ಡಿ ಮೂರೂವರೆ ರೂಪಾಯಿಗೂ ಕಡಿಮೆ. ಆರನೇ ಸಲ ಇನ್ನೂರು ತೆಗೆದಾಗ ಒಂದು ವಾರದ ಬಡ್ಡಿ ಯಂತ್ರದ ಹೊಟ್ಟೆಗೆ ಹೋಯಿತೆಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ಸೋದರಳಿಯ ಲೆಕ್ಕ ತೋರಿಸಿದ. ‘ಮಾವ, ಅಂಚೆ ಕಚೇರಿಯಲ್ಲಿಡಿ, ಶೇಕಡಾ ನಾಲ್ಕು’ ಎಂದು ಸಲಹೆಯನ್ನೂ ಕೊಟ್ಟ.

ಯಜಮಾನರು ಇಟ್ಟರು. ಒಂದನೇ ತಾರೀಖು ಐವತ್ತು ಸಾವಿರ ಹಾಕಿ, ಇಪ್ಪತ್ತೆಂಟಕ್ಕೆ ಮದುವೆಯ ಮುಯ್ಯಿ, ಮತ್ತೊಂದು ಎಂದು ನಲವತ್ತೈದು ಸಾವಿರ ತೆಗೆದರು. ಬ್ಯಾಂಕುಗಳು 2010ರ ಏಪ್ರಿಲ್‌ನಿಂದ ದಿನದಿನದ ಬಾಕಿಗೆ ಬಡ್ಡಿ ಕಟ್ಟುತ್ತವೆ. ಅಂಚೆಯಣ್ಣನದು ಹಳೇ ಸಂಪ್ರದಾಯ: ಹತ್ತನೇ ತಾರೀಖಿಂದ ತಿಂಗಳ ಕೊನೆಯವರೆಗೆ ಖಾತೆಯಲ್ಲಿ ಅತಿ ಕಡಿಮೆ ಎಷ್ಟಿತ್ತೋ ಅಷ್ಟಕ್ಕೇ ಬಡ್ಡಿ. ಆ ತಿಂಗಳು ಐದು ಸಾವಿರಕ್ಕೆ ಹದಿನಾರು ರೂಪಾಯಿ ಚಿಲ್ಲರೆ ಗಿಟ್ಟಿತು. ಎರಡೂವರೆಯ ಬ್ಯಾಂಕಿನಲ್ಲೇ ಬಿಟ್ಟಿದ್ದರೆ ತೊಂಬತ್ತು ದಾಟುತ್ತಿತ್ತು. ನಾಲ್ಕು ಎರಡೂವರೆಗಿಂತ ಚಿಕ್ಕದಾದದ್ದನ್ನು ಕಂಡು ಎಂಜಿನಿಯರ್ ಅಳಿಯ ಆ ದೀಪಾವಳಿಗೆ ಮಾವನ ಮನೆಯ ಕಡೆ ಸುಳಿಯಲಿಲ್ಲ.

ಅಕ್ಕನಿಗೆ ಈ ಹತ್ತರ ಲೆಕ್ಕ ಮೊದಲಿಂದಲೂ ಬಾಯಿಪಾಠ. ಅನಂತ ಬ್ಯಾಂಕಿನಲ್ಲಿ ಮನೆಖರ್ಚಿಗೆ ಬೇಕಾದಷ್ಟು. ಉಳಿದದ್ದು ಅಂಚೆಯಲ್ಲಿ, ಕಾರ್ಡಿಲ್ಲ, ಫೋನಿಗೆ ಜೋಡಣೆಯಿಲ್ಲ. ಬೇಕಾದಾಗ ತೆಗೆಯಬಹುದಾದ ಖಾತೆಯೇ, ಆದರೆ ಅಕ್ಕನೇ ಎದ್ದು ಹೋಗಬೇಕು. ನೆಂಟರಿಗೆ ಬಾಗಿಲು ತೋರಿಸಲು ಇಷ್ಟು ದೂರ ಸಾಕು.

ಒಮ್ಮೆ ಇಪ್ಪತ್ತನೇ ತಾರೀಖಿನ ಸುಮಾರಿಗೆ ತಮ್ಮನೇ ಫೋನು ಮಾಡಿ ಮೂವತ್ತು ಸಾವಿರ ಕೇಳಿದರು.

‘ಈಗ ತೆಗೆಯಂಗಿಲ್ಲ ತಮ್ಮಾ, ತಿಂಗಳ ಬಡ್ಡಿ ಹೋಗ್ತದೆ. ಒಂದನೇ ತಾರೀಖು ಬಾ.’

ಒಂದನೇ ತಾರೀಖು ಯಜಮಾನರು ಪಾವಗಡದ ಮೇಲೆ ಬಸ್ಸಿನಲ್ಲಿ ಬಂದಿಳಿದರು. ಅಕ್ಕ ಊಟ ಬಡಿಸಿ, ಅಂಚೆ ಕಚೇರಿಗೆ ಕರೆದೊಯ್ದು, ದುಡ್ಡು ಎಣಿಸಿ ಕೈಗಿಟ್ಟರು. ‘ಹತ್ತರೊಳಗೆ ವಾಪಸ್ ಹಾಕಿಬಿಡು, ನನಗೆ ಬಡ್ಡಿ ಒಂದು ಪೈಸೆ ಮುರಿಯಲ್ಲ, ನಿನಗೂ ಬಡ್ಡಿಯಿಲ್ಲ.’

ಒಂಬತ್ತು ದಿನದ ಸಾಲ ಕೊಡುವ ಅಕ್ಕನನ್ನು ಮಂಡಿಯಲ್ಲಿ ಯಾರೂ ಕಂಡಿರಲಿಲ್ಲ. ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿ, ‘ಈ ತಿಂಗಳು ಹತ್ತು ಭಾನುವಾರ ಬಿದ್ದೈತೆ. ನೀನು ಶನಿವಾರಾನೇ ಬಂದುಬಿಡು’ ಎಂದರು.