ಟೈಮಾಫೀಸ್ ಅಂಕಲ್

ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಗಣಿ ಕಾರ್ಮಿಕರ ಯಾವ ಲೈನಿಗೆ ಹೋದರೂ, ಗಣಿಯ ಹಾಜರಿ ಬರೆಯುತ್ತಿದ್ದ ಒಬ್ಬ ಟೈಮಾಫೀಸ್ ಅಂಕಲ್ ಇರುತ್ತಾರೆ. ಹುಡುಕುವ ಶ್ರಮ ಬೇಡ, ಅವರೇ ಬರುತ್ತಾರೆ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಕೆಂಪು ಪೆನ್ನೊಂದು ನೀಲಿ ಪೆನ್ನೊಂದು, ಕೈಯಲ್ಲಿ ಕೀ ಕೊಡುವ ಎಚ್‌ಎಂಟಿ ವಾಚು, ಬಗಲಲ್ಲಿ ಉದ್ದನೆಯ ರಿಜಿಸ್ಟರು. ಹೆಸರು ಹೇಳುವುದಿಲ್ಲ. ಒಬ್ಬರ ಹೆಸರು ಹೇಳಿದರೆ ಉಳಿದ ಲೈನಿನವರು ‘ನಮ್ಮವರನ್ನು ಬಿಟ್ಟಿರಲ್ಲ’ ಎಂದು ಬೇಜಾರು ಮಾಡಿಕೊಳ್ಳುತ್ತಾರೆ.

2001ರ ಫೆಬ್ರವರಿ 28ಕ್ಕೆ ಚಿನ್ನದ ಗಣಿ ಕಂಪನಿ ಬಿಜಿಎಂಎಲ್ ಮುಚ್ಚಿತು. ಗಣಿ ನಿಂತಿತು, ಶಿಫ್ಟು ಸಾರುವ ಸಂಗು ನಿಂತಿತು, ಸಂಬಳ ನಿಂತಿತು. ಅಂಕಲ್ ಮಾತ್ರ ನಿಲ್ಲಲಿಲ್ಲ. ‘ಭೂಮಿಯೊಳಗೆ ಮೂರು ಕಿಲೋಮೀಟರ್ ಇಳಿದವರಿಗೂ ಟೈಮ್ ಕೊಟ್ಟವನು ನಾನು’ ಎನ್ನುತ್ತಾರೆ. ಅವರು ಮಾತ್ರ ಒಮ್ಮೆಯೂ ಇಳಿದವರಲ್ಲ, ಗಣಿಗಿಳಿಸುವ ಕೇಜು ಕಂಡರೆ ತಲೆ ಸುತ್ತುತ್ತಿತ್ತಂತೆ. ಇದು ಅವರ ಹೆಂಡತಿ, ನಮ್ಮ ಆಂಟಿ, ಹೇಳಿದ್ದು.

ಗಣಿ ಮುಚ್ಚಿದ ಮೇಲೆ ಅವರು ಮೊದಲ ಸಲ ಹಗಲು ಹೊತ್ತಿನಲ್ಲಿ ತಮ್ಮ ಮನೆಯನ್ನು ನೋಡಿದರು. ನೋಡಿ ಹೌಹಾರಿದರು. ಬೆಳಗಿನಿಂದ ರಾತ್ರಿಯವರೆಗೆ ಒಬ್ಬ ಹೆಂಗಸು ಓಡಾಡುತ್ತಲೇ ಇದ್ದಾಳೆ, ಆದರೆ ಒಂದು ಎಂಟ್ರಿ ಇಲ್ಲ, ಒಂದು ಸಹಿ ಇಲ್ಲ! ಅಕ್ಕಪಕ್ಕದ ಮನೆಗಳಲ್ಲೂ ಇದೇ ಅರಾಜಕತೆ. ಅಂದಿನಿಂದ ‘ಹೆಂಗಸರಿಗೆ ಟೈಮ್ ಇದೆ, ಮ್ಯಾನೇಜ್‌ಮೆಂಟ್ ಇಲ್ಲ’ ಎಂಬ ಸಿದ್ಧಾಂತ ಹಿಡಿದುಕೊಂಡು ಲೈನಿನ ಗೃಹಿಣಿಯರ ಉದ್ಧಾರಕ್ಕೆ ನಿಂತಿದ್ದಾರೆ. ಮೊಮ್ಮಗ ಫೋನಿನಲ್ಲಿ ವಿಡಿಯೊ ನೋಡುವುದನ್ನು ಕಲಿಸಿದ ಮೇಲಂತೂ ಈ ಜ್ಞಾನಕ್ಕೆ ಅಂತರರಾಷ್ಟ್ರೀಯ ಮಟ್ಟ ಬಂದಿದೆ.

ಮೊದಲ ಪ್ರಶ್ನೆ ಯಾವಾಗಲೂ ಒಂದೇ. ಸೊಪ್ಪು ಬಿಡಿಸುತ್ತ ಕೂತವಳ ಎದುರು ಕುರ್ಚಿ ಎಳೆದುಕೊಂಡು, ‘ನಿನ್ನ ಗುರಿ ಏನಮ್ಮ?’

‘ಗುರಿನಾ? ಇವರು ಬರೋದ್ರೊಳಗೆ ಇಷ್ಟು ಸೊಪ್ಪು ಬಿಡಿಸೋದು.’

‘ಅದಲ್ಲ, ಐದು ವರ್ಷದ ಗುರಿ.’

‘ಐದು ವರ್ಷಕ್ಕೆ ಇವನು ಎಂಟನೇ ಕ್ಲಾಸು.’

‘ಅದು ಮಗನದು. ನಿಂದು?’

ಸೊಪ್ಪಿನ ಮೇಲಿನ ಕೈ ನಿಂತಿತು. ಅಂಕಲ್‌ರ ಬಗ್ಗೆ ಏನೇ ಹೇಳಲಿ, ಈ ಪ್ರಶ್ನೆಯ ಪುಣ್ಯ ಅವರಿಗೆ ಸಲ್ಲಲೇಬೇಕು. ಮದುವೆಯಾದಾಗಿನಿಂದ ಅವಳನ್ನು ಹೀಗೆ ಕೇಳಿದವರಿರಲಿಲ್ಲ. ‘ಸ್ಕೂಟಿ ಕಲೀಬೇಕು ಅಂಕಲ್’ ಎಂದಳು. ‘ಕಲಿತು ಒಬ್ಬಳೇ ಬಂಗಾರಪೇಟೆಗೆ ಹೋಗಿ ನಿಂತ್ಕೊಂಡು ಪಾನಿಪುರಿ ತಿನ್ಬೇಕು. ಮನೆಗೆ ಯಾರಿಗೂ ಕಟ್ಟಿಸ್ಕೊಂಡು ಬರಬಾರದು.’

ಬಂಗಾರಪೇಟೆಯ ಆ ತಿಳಿನೀರಿನಂಥ ಪಾನಿ ಕುಡಿದವರಿಗೆ ಇದು ಸಣ್ಣ ಗುರಿ ಅನ್ನಿಸಲಾರದು. ಅಂಕಲ್ ನೀಲಿ ಪೆನ್ನಿನಲ್ಲಿ ‘ಗುರಿ: ಸಾರಿಗೆ’ ಎಂದು ಬರೆದುಕೊಂಡರು. ಕೆಂಪು ಪೆನ್ನಿನಲ್ಲಿ ಲೆಕ್ಕ ಹಾಕಿ ಹತ್ತೂವರೆಯಿಂದ ಹನ್ನೊಂದು ಗಂಟೆ ಮಂಜೂರು ಮಾಡಿದರು. ಆ ಹೊತ್ತಿಗೆ ಸ್ಕೂಟಿ ಎಲ್ಲಿರುತ್ತದೆ ಎಂಬ ಕಾಲಂ ರಿಜಿಸ್ಟರಿನಲ್ಲಿರಲಿಲ್ಲ. ಅದು ಕೋರಮಂಡಲ್ ಸ್ಟೇಷನ್ ಹೊರಗೆ ಬಿಸಿಲಿಗೆ ನಿಂತಿರುತ್ತದೆ. ಯಜಮಾನರು ಮುಂಜಾನೆಯ ರೈಲಿಗೆ ಅದನ್ನೇ ಓಡಿಸಿಕೊಂಡು ಹೋಗಿ, ಬೀಗ ಹಾಕಿ, ಬೀಗದ ಕೈಯನ್ನು ಬೆಂಗಳೂರಿಗೆ ಒಯ್ದಿರುತ್ತಾರೆ.

ಈ ಊರಿನ ಹೆಂಗಸರ ಗಡಿಯಾರಕ್ಕೆ ಕೀ ಕೊಡುವವರು ಯಾವಾಗಲೂ ಬೇರೆಯವರೇ. ಮೊದಲು ಸಂಗು ಕೊಡುತ್ತಿತ್ತು. ಗಣಿ ಮೂರು ಪಾಳಿಯಲ್ಲಿ ನಡೆಯುತ್ತಿದ್ದ ಕಾಲದಲ್ಲಿ ಅಪ್ಪನಿಗೆ ರಾತ್ರಿ ಶಿಫ್ಟು, ಮಗನಿಗೆ ಬೆಳಗಿನದು, ಮೈದುನನಿಗೆ ಮಧ್ಯಾಹ್ನದ್ದು. ಒಬ್ಬರು ಡಬ್ಬಿ ಹಿಡಿದು ಹೊರಟರೆ ಇನ್ನೊಬ್ಬರು ಮೈಯೆಲ್ಲ ಮಣ್ಣು ಮಾಡಿಕೊಂಡು ಬಿಸಿನೀರು ಕೇಳುತ್ತ ಬರುತ್ತಿದ್ದರು. ಲೈನಿನ ಮನೆ ಎಂದರೆ ಇರುವುದೊಂದು ಕೋಣೆ, ಅದಕ್ಕೆ ಅಂಟಿಕೊಂಡ ಒಲೆ. ರಾತ್ರಿ ಶಿಫ್ಟಿನವರು ಹಗಲು ಮಲಗಿದರೆ ಮಕ್ಕಳು ಬಾಯಿ ಬಿಡುವಂತಿಲ್ಲ, ಪಾತ್ರೆ ಸದ್ದಾಗುವಂತಿಲ್ಲ, ಒಗ್ಗರಣೆ ಕೂಡ ಬಾಗಿಲು ಮುಚ್ಚಿ ಹಾಕಬೇಕು. ಕೆಳಗಿಳಿದವರಿಗೆ ಎಂಟು ಗಂಟೆ ಕಳೆದರೆ ಶಿಫ್ಟು ಮುಗಿಯುತ್ತಿತ್ತು. ಒಲೆಯ ಮುಂದೆ ಮೂರೂ ಶಿಫ್ಟು ಒಬ್ಬಳದೇ, ಅವಳ ಹಾಜರಿ ಯಾವ ಟೈಮಾಫೀಸಿನಲ್ಲೂ ಬೀಳಲಿಲ್ಲ.

ಸಂಗು ಹೋಯಿತು, ರೈಲು ಬಂತು. ಬಂತು ಎಂದರೆ, ಮೊದಲೂ ಇತ್ತು, ಈಗ ಊರಿನ ಹೊಟ್ಟೆಪಾಡೇ ಅದಾಯಿತು. ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಉರಿಗಾಂ ದಾಟಿ ಕೋರಮಂಡಲ್‌ಗೆ ಬರುವ ಬೆಳಗಿನ ಗಾಡಿಗೆ ಅರ್ಧ ಊರು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತದೆ. ಅಂದರೆ ಕತ್ತಲಿರುವಾಗಲೇ ಚಿತ್ರಾನ್ನ, ಡಬ್ಬಿ, ಬಾಟಲಿ. ‘ಬೆಳಿಗ್ಗೆ ಐದಕ್ಕೆ ಎದ್ದು ನಿಮಗಾಗಿ ಒಂದು ಗಂಟೆ ತೆಗೆದಿಡಿ’ ಎಂದು ಅಂಕಲ್‌ರ ವಿಡಿಯೊ ಹೇಳುತ್ತದೆ. ಐದಕ್ಕೆ ಏಳುವುದೇ ಆದರೆ ನಮ್ಮ ಲೈನಿನಲ್ಲಿ ಅದಕ್ಕೆ ಸೋಮಾರಿತನ ಎನ್ನುತ್ತಾರೆ.

ಇನ್ನು ಅವರ ವಿಧಾನಗಳು. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ನಾಲ್ಕು ಮನೆ ಬರೆದು, ತುರ್ತು-ಮುಖ್ಯ, ಮುಖ್ಯ ಆದರೆ ತುರ್ತಲ್ಲ, ತುರ್ತು ಆದರೆ ಮುಖ್ಯವಲ್ಲ, ಎರಡೂ ಅಲ್ಲ ಎಂದು ಕೆಲಸಗಳನ್ನು ಹಂಚಿ ಅಂತ ಕೊಟ್ಟರು. ವಾರದ ನಂತರ ನೋಡಿದರೆ ಮೊದಲ ಮನೆಯಲ್ಲಿ ಕಾಲಿಡಲು ಜಾಗವಿಲ್ಲ: ಟ್ಯಾಂಕರ್ ನೀರು, ಗ್ಯಾಸು, ಅತ್ತೆಯ ಬಿಪಿ ಮಾತ್ರೆ, ಮಗನ ಪ್ರಾಜೆಕ್ಟಿಗೆ ಚಾರ್ಟು. ಉಳಿದ ಮೂರು ಮನೆ ಖಾಲಿ. ಒಬ್ಬಾಕೆ ಮಾತ್ರ ಆ ಖಾಲಿ ಜಾಗದಲ್ಲಿ ಹಾಲಿನ ಲೆಕ್ಕ ಬರೆದಿದ್ದಳು.

ಆಮೇಲೆ ಟೊಮೆಟೊ ಪದ್ಧತಿ ಬಂತು. ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬಾತ 1980ರ ದಶಕದ ಕೊನೆಯಲ್ಲಿ, ಓದುವ ಹುಡುಗನಾಗಿದ್ದಾಗ, ಟೊಮೆಟೊ ಆಕಾರದ ಅಡುಗೆಮನೆ ಗಡಿಯಾರ ಇಟ್ಟುಕೊಂಡು ಕಂಡುಹಿಡಿದದ್ದು. 25 ನಿಮಿಷ ಒಂದೇ ಕೆಲಸ, ನಡುವೆ ಯಾರೂ ಅಡ್ಡ ಬರಬಾರದು, ಆಮೇಲೆ ಐದು ನಿಮಿಷ ವಿಶ್ರಾಂತಿ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದಾದ ಕೋಲಾರದ ಜಿಲ್ಲೆಯವರಿಗೆ ಟೊಮೆಟೊ ಬಗ್ಗೆ ಇಟಲಿಯವನಿಂದ ಪಾಠ! ಇರಲಿ ಎಂದು ಕೊನೆಮನೆಯಾಕೆ ಶುರು ಮಾಡಿದಳು. ಸರ್ಕಾರಿ ನೌಕರಿಯ ಎಸ್‌ಡಿಎ ಪರೀಕ್ಷೆಗೆ ಓದುತ್ತಿರುವವಳು ಅವಳು. ಪುಸ್ತಕ ತೆರೆದು ನಾಲ್ಕನೇ ನಿಮಿಷಕ್ಕೆ ಹೂವಿನವಳು, ಒಂಬತ್ತಕ್ಕೆ ಸಿಲಿಂಡರ್, ಹದಿಮೂರಕ್ಕೆ ಮಗು ‘ಆಯ್ತೂ’ ಎಂದು ಬಚ್ಚಲಿನಿಂದ ಕೂಗಿತು. ಹದಿನಾರಕ್ಕೆ ಅಂಕಲ್ ಬಂದರು, ಯಾರೂ ಅಡ್ಡ ಬರುತ್ತಿಲ್ಲ ತಾನೇ ಎಂದು ವಿಚಾರಿಸಲು. ಹದಿನೆಂಟಕ್ಕೆ ಕರೆಂಟು ಹೋಯಿತು. ‘1902ರಲ್ಲೇ ಶಿವನಸಮುದ್ರದಿಂದ ಕರೆಂಟು ಎಳೆಸಿಕೊಂಡ ಊರಮ್ಮ ನಮ್ಮದು, ಬೆಂಗಳೂರಿಗಿಂತ ಮೂರು ವರ್ಷ ಮೊದಲು’ ಎಂದು ಅಂಕಲ್ ಕತ್ತಲಲ್ಲೇ ಇತಿಹಾಸ ಹೇಳಿದರು. ಅದು ಎಸ್‌ಡಿಎಗೆ ಬೇಕಾಗುವ ವಿಷಯವಾದ್ದರಿಂದ ಅವಳು ಸುಮ್ಮನೆ ಕೇಳಿಸಿಕೊಂಡಳು.

ಅಂಕಲ್‌ರನ್ನು ನಿಜವಾಗಿ ಸೋಲಿಸಿದ್ದು ಮಾತ್ರ ಧೂಳು. ಅವರ ಟೈಮ್‌ಟೇಬಲ್ಲಿನಲ್ಲಿ ಕಸ ಗುಡಿಸಲು ದಿನಕ್ಕೊಮ್ಮೆ ಹದಿನೈದು ನಿಮಿಷ. ನಮ್ಮ ನೆತ್ತಿಯ ಮೇಲೆ ನೂರು ವರ್ಷ ಕಲ್ಲು ಅರೆದು ಸುರಿದ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿ ಸೈನೈಡ್ ದಿಬ್ಬಗಳಾಗಿ ಕೂತಿದೆ. ಸಿನಿಮಾದವರಿಗೆ ಅದು ಸೆಟ್ಟು. ಆಷಾಢದ ಗಾಳಿ ಎದ್ದಿತೆಂದರೆ ನಮಗೆ ಅದು ನೆಲ, ಕಿಟಕಿ, ಒಣಹಾಕಿದ ಹಪ್ಪಳ, ಮಡಿಸಿಟ್ಟ ಯೂನಿಫಾರಂ. ಗುಡಿಸಿ ಪೊರಕೆ ಮೂಲೆಗಿಡುವಷ್ಟರಲ್ಲಿ ನೆಲದ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಮಧ್ಯಾಹ್ನದ ‘ಸ್ವಂತ ಅಭಿವೃದ್ಧಿ’ ಅವಧಿಯಲ್ಲಿ ಲೈನಿನವರೆಲ್ಲ ಎರಡನೇ ಸಲ ಗುಡಿಸುತ್ತಿದ್ದುದನ್ನು ನೋಡಿ ಅಂಕಲ್ ರಿಜಿಸ್ಟರು ತೆರೆದರು. ಅದರ ಹಾಳೆಯ ಮೇಲೂ ಬೂದು ಪುಡಿ ಇತ್ತು. ಊದಿ, ಮುಚ್ಚಿ, ‘ಇದು ಮ್ಯಾನೇಜ್‌ಮೆಂಟಿನ ವಿಷಯ’ ಎಂದರು. ಯಾವ ಮ್ಯಾನೇಜ್‌ಮೆಂಟ್ ಎಂದು ಬಿಡಿಸಿ ಹೇಳಲಿಲ್ಲ.

‘ಸಮಯ ಅಂದ್ರೆ ಚಿನ್ನ’ ಎಂದೂ ಒಮ್ಮೆ ಹೇಳಿ ನೋಡಿದರು. ‘ಹೌದು ಅಂಕಲ್, ತೆಗೆಯೋ ಖರ್ಚು ಜಾಸ್ತಿ, ಸಿಗೋದು ಕಮ್ಮಿ ಅಂತ ತಾನೇ ಮುಚ್ಚಿದ್ದು?’ ಎಂದಳು ಸ್ಕೂಟಿಯಾಕೆ. ಆ ಗಾದೆ ಮತ್ತೆ ನಮ್ಮ ಲೈನಿನಲ್ಲಿ ಕೇಳಿಸಿಲ್ಲ.

ಎಸ್‌ಡಿಎಯಾಕೆ ಇನ್ನೂ ಒಂದು ಹೆಜ್ಜೆ ಮುಂದೆ. ‘ಅಂಕಲ್, 2024ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ, ಗಂಡಸರು 88. ಮಕ್ಕಳು ಮುದುಕರನ್ನ ನೋಡ್ಕೊಳ್ಳೋ ಲೆಕ್ಕ ಬೇರೆ. ಆ 88 ಕೂಡ ಮನೆಗೆಲಸಕ್ಕೆ ಕೈಹಚ್ಚೋ ಗಂಡಸರದು ಮಾತ್ರ, ಹಚ್ಚದವರನ್ನ ಸೇರಿಸಿಲ್ಲ.’

‘ನೋಡಿದ್ಯಾ, 289! ಅದನ್ನ 200ಕ್ಕೆ ಇಳಿಸೋಣ ಅಂತಾನೇ ನಾನು ಬಡ್ಕೊಳ್ತಿರೋದು.’

‘ನಿಮ್ಮ 88 ಯಾವ ಹೊತ್ತಲ್ಲಿ ಬರುತ್ತೆ ಅಂಕಲ್?’

ಅಂಕಲ್ ವಾಚಿಗೆ ಕೀ ಕೊಟ್ಟರು. ಆಗಲೇ ಕೊಟ್ಟಿದ್ದರು, ಆದರೂ ಕೊಟ್ಟರು.

ಇಷ್ಟಾದ ಮೇಲೂ ಅವರನ್ನು ಯಾರೂ ಬೇಡವೆನ್ನುವುದಿಲ್ಲ. ಬೇಡವೆನ್ನುವುದಿರಲಿ, ಫೋನು ಮಾಡಿ ಕರೆಸಿಕೊಳ್ಳುತ್ತಾರೆ. ‘ಅಂಕಲ್, ನಮ್ಮನೆ ಟೈಮ್‌ಟೇಬಲ್ ಕೆಟ್ಟುಹೋಗಿದೆ, ಹತ್ತು ಗಂಟೆಗೆ ಬರ್ತೀರಾ?’ ಬಂದರೆ ಕಾಫಿ, ಜೊತೆಗೆ ನಿಪ್ಪಟ್ಟು, ಹನ್ನೆರಡರವರೆಗೆ ಮರ್ಯಾದೆಯಿಂದ ಉಪದೇಶ ಕೇಳುವುದು. ಹೊಸದಾಗಿ ಲೈನಿಗೆ ಬಂದ ಸೊಸೆಯೊಬ್ಬಳಿಗೆ ತಡೆಯಲಾಗಲಿಲ್ಲ. ‘ನಮ್ಮ ಟೈಮ್ ಹಾಳು ಮಾಡೋಕೆ ನಾವೇ ಯಾಕೆ ಕರೀಬೇಕು?’ ಎಂದು ಕೇಳಿದಳು.

ಆಗ ಸ್ಕೂಟಿಯಾಕೆ ತನ್ನ ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ ಚೀಟಿ ತೋರಿಸಿದಳು. ಸೋಮವಾರ ಒಂದು ಮನೆ, ಮಂಗಳವಾರ ಒಂದು, ಶನಿವಾರದವರೆಗೆ ಹೀಗೇ, ರಜೆ ಹಾಕಿದರೆ ಬದಲಿಯವರ ಹೆಸರು ಸಮೇತ. ಆಂಟಿ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿಎ ಕಟ್ಟಿದ್ದಾರೆ. ಅಂಕಲ್ ಮನೆಯಲ್ಲಿದ್ದರೆ ಹತ್ತೂವರೆಗೆ ಕಾಫಿ, ಹನ್ನೊಂದಕ್ಕೆ ಕನ್ನಡಕ ಎಲ್ಲಿ, ಹನ್ನೊಂದೂಕಾಲಿಗೆ ಈ ವಿಡಿಯೊ ನೋಡಿಲ್ಲಿ. ಅವರು ಹೊರಗಿದ್ದರೆ ಎರಡು ಗಂಟೆ ಓದು.

ಪರೀಕ್ಷೆಯ ತಿಂಗಳಿಗೆ ಎರಡು ಗಂಟೆ ಸಾಲುವುದಿಲ್ಲ ಎಂದು ಆಂಟಿ ಈಗ ಓವರ್‌ಟೈಮ್ ಕೇಳಿದ್ದಾರೆ. ಸಂಜೆ ನಾಲ್ಕರಿಂದ ಐದು ಸ್ಕೂಟಿಯಾಕೆ ಒಪ್ಪಿಕೊಂಡಳು. ಎಸ್‌ಡಿಎಯಾಕೆ, ನನ್ನದೂ ಪರೀಕ್ಷೆ ಇದೆ, ಈ ತಿಂಗಳು ನನ್ನನ್ನು ಬಿಡಿ ಎಂದಳು. ಉಳಿದ ಹೊತ್ತಿಗೆ ಪಕ್ಕದ ಲೈನಿನ ಟೈಮಾಫೀಸ್ ಅಂಕಲ್ ಮನೆಗೆ ಕಳಿಸುವ ಮಾತುಕತೆ ನಡೆದಿದೆ. ಆ ಮನೆಯ ಆಂಟಿಯದೇನೂ ತಕರಾರಿಲ್ಲವಂತೆ, ತಮ್ಮ ಅಂಕಲ್‌ರನ್ನು ನಮ್ಮ ಲೈನಿನವರು ಯಾವ ಯಾವ ದಿನ ಇಟ್ಟುಕೊಳ್ಳುತ್ತೀರಿ ಎಂದಷ್ಟೇ ಕೇಳಿ ಕಳಿಸಿದ್ದಾರೆ.