ಬೂಷ್ಟಿನ ಊರಿನಲ್ಲಿ ಬುದ್ಧಿಮಾತು

ಕ್ಯಾಮೆರಾದ ಜತೆ ಬರುವ ಕೈಪಿಡಿಯಲ್ಲಿ ‘ಒಣ ಜಾಗದಲ್ಲಿ ಇಡಿ’ ಎಂದು ಬರೆದಿರುತ್ತದೆ. ಬರೆದ ಪುಣ್ಯಾತ್ಮ ಜುಲೈ ತಿಂಗಳಲ್ಲಿ ಕಾರವಾರ ನೋಡಿದವನಲ್ಲ. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ನಮ್ಮಲ್ಲಿ ಒಣಗಿದ್ದು ಉಳಿಯುವುದು ಒಲೆಯ ಬೂದಿ ಒಂದೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಸುರಿಯುವ ಊರು ಇದು. ಮಳೆ ಬಿಡುವು ಕೊಟ್ಟ ದಿನ ಕಡಲಗಾಳಿ ಅದರ ಪಾಳಿ ವಹಿಸಿಕೊಳ್ಳುತ್ತದೆ. ಉಪ್ಪು ಭರಣಿಯಲ್ಲೇ ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ತಲೆ ಮಾತ್ರ ಕಳಚಿ ಬೀಳುತ್ತದೆ, ಮದುವೆಗೆ ಹೊಲಿಸಿದ ಕೋಟು ಬೀರುವಿನಲ್ಲಿ ನೇತಾಡುತ್ತಲೇ ಹಸಿರಾಗುತ್ತದೆ. ಆದ್ದರಿಂದ ಘಟ್ಟದ ಮೇಲಿನವರು ಕೊಡುವ ಸಲಹೆಗಳನ್ನು ನಾವು ಸ್ವಲ್ಪ ಹಿಂಡಿಯೇ ಬಳಸಬೇಕು.

ಮೊದಲು ಕ್ಯಾಮೆರಾ. ಮಸೂರದ ಒಳಗೆ ಒಂದು ದಿನ ಜೇಡರ ಬಲೆಯಂಥ ಬಿಳಿ ಎಳೆ ಕಾಣಿಸುತ್ತದೆ. ಅದು ಬೂಷ್ಟು. ಗಾಳಿಯ ತೇವಾಂಶ ಶೇಕಡಾ 60 ದಾಟಿ ನಿಂತಲ್ಲೇ ನಿಂತರೆ, ಗಾಜಿನ ಮೇಲಿನ ದೂಳು, ಬೆರಳಿನ ಜಿಡ್ಡು ಇಷ್ಟನ್ನೇ ತಿಂದು ಅದು ಸಂಸಾರ ಹೂಡುತ್ತದೆ. ಬೆಳೆಯುತ್ತಾ ಆಮ್ಲ ಬಿಟ್ಟು ಗಾಜಿನ ಲೇಪವನ್ನು ಕೊರೆಯುವುದರಿಂದ ಆಮೇಲೆ ಒರೆಸಿದರೂ ಗುರುತು ಹೋಗದು. ಚರ್ಮದ ಚೀಲದಲ್ಲಿ ಭದ್ರವಾಗಿ ಇಟ್ಟಿದ್ದೇವೆ ಎನ್ನುವವರು ಬೂಷ್ಟಿಗೆ ಊಟದ ಜತೆ ಹಾಸಿಗೆಯನ್ನೂ ಕೊಟ್ಟಂತಾಯಿತು. ಮುಚ್ಚಳಕ್ಕೆ ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೇವಾಂಶ ತೋರಿಸುವ ಪುಟ್ಟ ಮಾಪಕ ಇದ್ದರೆ ಸಾಕು. ಮುಳ್ಳು 40ರಿಂದ 50ರ ನಡುವೆ ನಿಂತರೆ ನಿದ್ದೆ ಬರುತ್ತದೆ. ನೀಲಿ ಹರಳು ನೀರು ಕುಡಿದು ಗುಲಾಬಿಯಾಗುತ್ತದೆ, ಕಾಯಿಸಿದರೆ ಮತ್ತೆ ನೀಲಿ. ಆದರೆ ಆ ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ. ದೋಸೆ ಕಾವಲಿಯ ಮೇಲೆ ಹುರಿಯಬೇಡಿ. ಕೋಬಾಲ್ಟ್ ಇಲ್ಲದ ಕಿತ್ತಳೆ ಬಣ್ಣದ್ದನ್ನು ತಂದುಕೊಂಡು, ಅದಕ್ಕೂ ಒಂದು ಬೇರೆ ಪಾತ್ರೆ ಮೀಸಲಿಡಿ. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯಲ್ಲಿ ಹೂಳುವ ಪದ್ಧತಿಯೂ ಇದೆ. ಮಳೆಗಾಲದಲ್ಲಿ ನಮ್ಮ ಅಕ್ಕಿಯೇ ಯಾರಾದರೂ ತನ್ನನ್ನು ಒಣಗಿಸಲಿ ಎಂದು ಕಾಯುತ್ತಿರುತ್ತದೆ. ಮೊಬೈಲ್ ಆರಿಸಿ, ಒರೆಸಿ, ಫ್ಯಾನಿನ ಕೆಳಗಿಡಿ. ಪೂರ್ತಿ ಒಣಗುವ ತನಕ ಚಾರ್ಜಿಗೆ ಹಾಕಬೇಡಿ.

ಇನ್ನು ಟಾಗೋರ್ ಕಡಲತೀರ. ಸಂಜೆಯಾದರೆ ಮೊಬೈಲುಗಳೆಲ್ಲ ಪಡುವಣಕ್ಕೆ ಮುಖ ಮಾಡುತ್ತವೆ. ಅತ್ತೆ, ಮಾವ, ಹೊಸ ಸೊಸೆ ಎಲ್ಲರೂ ಸೂರ್ಯನಿಗೆ ಬೆನ್ನು ಕೊಟ್ಟು ನಿಂತು ಕಪ್ಪು ಆಕೃತಿಗಳಾಗಿ ಮನೆಗೆ ಮರಳುತ್ತಾರೆ. ಹಿಂದಿನ ಸಮುದ್ರವೋ ಗೋವಾದ ಕಡೆಗೆ ವಾಲಿರುತ್ತದೆ. ತಿರುಗಿ ನಿಲ್ಲುವುದೇ ಇದಕ್ಕೆ ಮದ್ದು. ತೆಗೆಯುವವರ ಬೆನ್ನಿಗೆ ಸಮುದ್ರವಿರಲಿ, ನಿಂತವರ ಮುಖಕ್ಕೆ ಹೊಂಬಿಸಿಲು ಬೀಳಲಿ. ಹಿನ್ನೆಲೆಗೆ ಗಾಳಿಮರಗಳಿವೆ, ಅದರಾಚೆ ಸಹ್ಯಾದ್ರಿಯಿದೆ. ಬೆಳಿಗ್ಗೆ ಎದ್ದರೆ ಇನ್ನೂ ಸುಖ. ಸೂರ್ಯ ಗುಡ್ಡ ಹತ್ತಿ ಬರುವಷ್ಟರಲ್ಲಿ ದಂಡೆಯ ಮೇಲೆ ಬಹಳ ಹೊತ್ತು ಮೆತ್ತನೆಯ ನೆರಳುಬೆಳಕು ಇರುತ್ತದೆ, ಬಲೆ ಎಳೆಯುವವರೂ ಇರುತ್ತಾರೆ. ತೆಗೆಯುವ ಮುಂಚೆ ಅವರನ್ನೊಂದು ಮಾತು ಕೇಳಿ. ಮನೆಗೆ ಬಂದ ಮೇಲೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾದ ಮೈ ಒರೆಸಿ. ಉಪ್ಪು ರಾತ್ರಿಯಿಡೀ ಕೆಲಸ ಮಾಡುವ ಜಾತಿ. ಕದಂಬ ನೌಕಾನೆಲೆಯ ಬೇಲಿಯ ಹತ್ತಿರ ಮಾತ್ರ ಕೈ ಜೇಬಿನಲ್ಲೇ ಇರಲಿ. ಯುದ್ಧನೌಕೆಯ ಚಿತ್ರ ಬೇಕೇ ಬೇಕಿದ್ದರೆ ದಂಡೆಯ ಮೇಲೆ ‘ಚಪಲ’ ನಿಂತಿದೆ. ಸೇವೆಯಲ್ಲಿದ್ದಾಗ ಯಾರನ್ನೂ ಹತ್ತಿರ ಸುಳಿಯಗೊಡದ ಹಡಗು, 2006ರಿಂದ ಸಂಗ್ರಹಾಲಯವಾಗಿ ಶಾಲಾ ಮಕ್ಕಳ ಸೆಲ್ಫಿಗಳಿಗೆಲ್ಲ ಮುಖ ಕೊಡುತ್ತಿದೆ. ನಿವೃತ್ತರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಊರಲ್ಲಿಲ್ಲ.

ಆ ದಂಡೆಗೆ ಹೆಸರು ಕೊಟ್ಟ ರವೀಂದ್ರನಾಥರು ಬಂದದ್ದು ಅಣ್ಣ ಸತ್ಯೇಂದ್ರನಾಥರ ಮನೆಗೆ. ಅಣ್ಣ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಬೆಳದಿಂಗಳಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋಗಿ, ಮರಳ ಮೇಲೆ ನಡೆದು ಮರಳಿದ್ದನ್ನು ಅವರು ಆತ್ಮಕಥನದಲ್ಲಿ ನೆನೆದಿದ್ದಾರೆ. ಕೈಯಲ್ಲಿ ಮೊಬೈಲಿದ್ದರೆ ಚಂದ್ರನ ಜಾಗದಲ್ಲೊಂದು ಬಿಳಿ ಚುಕ್ಕೆ, ಉಳಿದದ್ದೆಲ್ಲ ಕಪ್ಪು ಎಂಬಂಥ ಚಿತ್ರ ಸಿಗುತ್ತಿತ್ತು. ಈಗಿನವರಿಗೊಂದು ಉಪಾಯವಿದೆ. ಹುಣ್ಣಿಮೆಯ ಹಿಂದಿನ ಸಂಜೆ ಹೋಗಿ. ಅಂದು ಚಂದ್ರ ಸೂರ್ಯ ಮುಳುಗುವ ಮೊದಲೇ ಮೂಡಿರುತ್ತಾನೆ. ಆಕಾಶದಲ್ಲಿ ಬೆಳಕು ಉಳಿದಿರುವಾಗ ಚಂದ್ರ, ಗುಡ್ಡ, ನದಿ ಮೂರೂ ಒಂದೇ ಚಿತ್ರದಲ್ಲಿ ಜಗಳವಾಡದೆ ಕೂರುತ್ತವೆ.

ಬಟ್ಟೆಯ ವಿಷಯಕ್ಕೆ ಬಂದರೆ, ಜೀನ್ಸ್ ನಮ್ಮೂರಿಗೆ ಹೇಳಿಮಾಡಿಸಿದ ಶಿಕ್ಷೆ. ಸೋಮವಾರ ಒಗೆದದ್ದು ಗುರುವಾರದ ಹೊತ್ತಿಗೆ ಒಣಗುವ ಬದಲು ಹುಳಿಯುತ್ತದೆ. ತೆಳು ಹತ್ತಿ, ಇಲ್ಲವೇ ಕೊಡವಿದರೆ ನೀರು ಉದುರುವ ನೈಲಾನು, ಇವೆರಡೇ ಗತಿ. ಬಚ್ಚಲೊಲೆಯ ಮೇಲಿನ ಗಳದಲ್ಲಿ ಒಣಗಿಸಿದ ಅಂಗಿ ಎಂದೂ ಕೈಕೊಡುವುದಿಲ್ಲ, ಆದರೆ ಅದನ್ನು ತೊಟ್ಟು ಬೆಂಗಳೂರಿನ ಸಂದರ್ಶನಕ್ಕೆ ಹೋದವನನ್ನು ಎದುರಿನವರು ‘ಎಲ್ಲಾದರೂ ಬೆಂಕಿ ಬಿದ್ದಿತ್ತೇ’ ಎಂದು ವಿಚಾರಿಸುತ್ತಾರೆ. ಹವೆಗೆ ಒಪ್ಪುವ ಉಡುಗೆ ಯಾವುದೆಂದು ನಿಜವಾಗಿ ತಿಳಿದವರು ಅಂಕೋಲೆಯ ಸುತ್ತಿನ ಹಾಲಕ್ಕಿ ಹೆಂಗಸರು. ಕುಪ್ಪಸವಿಲ್ಲದೆ ಹೆಗಲಿಗೆ ಗಂಟು ಹಾಕಿ ಮೊಣಕಾಲಿಗಿಂತ ತುಸು ಕೆಳಗೆ ನಿಲ್ಲುವ ಸೀರೆ; ಗದ್ದೆಯ ಕೆಸರಿಗೂ ತೊಡಕಿಲ್ಲ, ಒಣಗಲಿಕ್ಕೂ ತಡವಿಲ್ಲ. ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯಲು ರಾಷ್ಟ್ರಪತಿ ಭವನದ ಹಾಸಿನ ಮೇಲೆ ನಡೆದದ್ದು ಇದೇ ಉಡುಗೆಯಲ್ಲಿ, ಕೊರಳ ತುಂಬ ಮಣಿಸರದಲ್ಲಿ, ಬರಿಗಾಲಲ್ಲಿ. ಆ ಚಿತ್ರವನ್ನು ದೇಶವೇ ನೋಡಿತು. ‘ಸಮಾರಂಭಕ್ಕೆ ಏನು ಉಡಲಿ’ ಎಂದು ಬೀರುವಿನ ಮುಂದೆ ಅರ್ಧ ದಿನ ಕಳೆಯುವವರು ಅದನ್ನೊಮ್ಮೆ ಹುಡುಕಿ ನೋಡಬಹುದು.

ಸಲಕರಣೆಗಳಲ್ಲಿ ಕೊಡೆಯೇ ದೊಡ್ಡದು. ಮೂರು ಮಡಿಕೆಯ ಪುಟ್ಟ ಕೊಡೆ ಕಡಲಗಾಳಿಗೆ ಮೇಲ್ಮುಖವಾಗಿ ಅರಳಿ ಮಳೆನೀರು ಸಂಗ್ರಹಿಸುವ ಯೋಜನೆಯಾಗುತ್ತದೆ. ಮರದ ಹಿಡಿಯ ಉದ್ದ ಕರಿಕೊಡೆ ತನ್ನಿ. ಅದರಿಂದ ನಾಯಿಯನ್ನೂ ಓಡಿಸಬಹುದು, ಮಾವಿನಕಾಯಿಯನ್ನೂ ಕೀಳಬಹುದು. ಹವಾಯಿ ಚಪ್ಪಲಿ ಬೇಡ, ಅದು ರಸ್ತೆಯ ಕೆಸರನ್ನು ಕುತ್ತಿಗೆಯ ತನಕ ಸಿಡಿಸುತ್ತದೆ. ಹಿಂಬದಿಗೆ ಪಟ್ಟಿಯಿರುವ ರಬ್ಬರಿನ ಸ್ಯಾಂಡಲ್ ಸಾಕು. ಬೂಟು ತೊಡಲೇಬೇಕಾದ ನೌಕರರು ರಾತ್ರಿ ಅದರೊಳಗೆ ಹಳೆಯ ಪತ್ರಿಕೆ ತುರುಕಿಡಲಿ. ಸಂಪಾದಕೀಯ ಪುಟ ಚೆನ್ನಾಗಿ ಹೀರಿಕೊಳ್ಳುತ್ತದೆ.

ಓದುವ ಮಕ್ಕಳ ಪಾಡು ಬೇರೆ. ಇದೇ ಕಾರವಾರ ತಾಲೂಕಿನ ಕೈಗಾದ ಮೊದಲ ಘಟಕ ಬಿಡದೆ 962 ದಿನ ವಿದ್ಯುತ್ ಉತ್ಪಾದಿಸಿ 2018ರ ಡಿಸೆಂಬರಿನಲ್ಲಿ ವಿಶ್ವದಾಖಲೆ ಬರೆದು ವಿಶ್ರಾಂತಿಗೆ ಹೋಯಿತು. ಮಳೆಗಾಲದಲ್ಲಿ ತಂತಿಯ ಮೇಲೊಂದು ಕೊಂಬೆ ಬಿದ್ದರೆ ನಮ್ಮ ಮನೆಯ ಬಲ್ಬಿಗೆ ಒಂದು ಅಧ್ಯಾಯ ಮುಗಿಯುವಷ್ಟು ಹೊತ್ತೂ ದಾಖಲೆ ಸಾಧ್ಯವಾಗದು. ಆದ್ದರಿಂದ ಕಷ್ಟದ ಲೆಕ್ಕಗಳನ್ನು ಹಗಲಿಗೇ ಮುಗಿಸಿ, ಬಾಯಿಪಾಠವನ್ನು ಕತ್ತಲೆಗೆ ಬಿಡುವುದು ಜಾಣತನ. ಪುಸ್ತಕ ಮುಚ್ಚಿ ನೆನಪಿನಿಂದ ಹೇಳಿಕೊಂಡದ್ದು ಹತ್ತು ಸಲ ಕಣ್ಣಾಡಿಸಿದ್ದಕ್ಕಿಂತ ಹೆಚ್ಚು ಉಳಿಯುತ್ತದೆ, ಕರೆಂಟು ಹೋದಾಗ ಅದೊಂದೇ ದಾರಿಯೂ ಹೌದು. ತೇವ ಹಿಡಿದ ಹಾಳೆಯಲ್ಲಿ ಶಾಯಿ ಹರಡುವುದರಿಂದ ಟಿಪ್ಪಣಿಗೆ ಪೆನ್ಸಿಲ್ ವಾಸಿ. ಜಿಲ್ಲಾಧಿಕಾರಿಗಳು ಮಳೆಗೆಂದು ರಜೆ ಸಾರಿದ ದಿನ ಮಾತ್ರ ಯಾವ ಉಪದೇಶವೂ ನಾಟದು. ಆ ದಿನ ಹತ್ತು ಗಂಟೆಗೆ ಮಳೆ ನಿಲ್ಲುತ್ತದೆ, ಹನ್ನೊಂದಕ್ಕೆ ದಂಡೆಯಲ್ಲಿ ಟಾಸು.

ನಾನು ಕಂಡ ಅತ್ಯುತ್ತಮ ಓದುಕೋಣೆ ಕಾರವಾರ-ಅಂಕೋಲೆ ಬಸ್ಸು. ದಾರಿ ಮೂವತ್ತು ಚಿಲ್ಲರೆ ಕಿಲೋಮೀಟರ್, ಕುಲುಕಾಟದಲ್ಲಿ ಪುಸ್ತಕ ಹಿಡಿಯಲಾಗದು, ಹೇಳಿಕೊಳ್ಳಲೇಬೇಕು. ಅದರಲ್ಲಿ ದಿನವೂ ಒಬ್ಬ ಕಾಲೇಜು ಹುಡುಗ ಕಣ್ಣು ಮುಚ್ಚಿ ಜಡ ಅನಿಲಗಳ ಹೆಸರು ಒಪ್ಪಿಸುತ್ತಿದ್ದ. ಪಕ್ಕದಲ್ಲಿ ದಿನವೂ ಅದೇ ಮೀನಿನ ಹೆಂಗಸು, ಕಾಲಬುಡದಲ್ಲಿ ಬುಟ್ಟಿ. ಅವರ್ಸಾ ದಾಟುವಾಗ ಅವನು ಹೀಲಿಯಂ, ನಿಯಾನ್ ಅಂದವನೇ ಕ್ರಿಪ್ಟಾನಿಗೆ ಹಾರಿದ. ಅವಳು ಎಲೆಯಡಿಕೆ ಒಂದು ದವಡೆಗೆ ಸರಿಸಿ, ‘ಏ ತಮಾ, ಆರ್ಗಾನ್ ಬಿಟ್ಟೆ’ ಅಂದಳು.