ಮೂರು ನಿಮಿಷದ ಪಾಲುದಾರರು

ಬಜೆಟ್ ಪೂರ್ವ ಸಮಾಲೋಚನೆಗೆ ಬನ್ನಿ ಎಂದು 2022ರ ನವೆಂಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಾರ್ಮಿಕ ಸಂಘಟನೆಗಳನ್ನು ಕರೆಯಿತು. ಬನ್ನಿ ಎಂದರೆ ಬರುವುದೇನಲ್ಲ, ವಿಡಿಯೊದಲ್ಲಿ ಮುಖ ತೋರಿಸುವುದು. ಹನ್ನೆರಡಕ್ಕೂ ಹೆಚ್ಚು ಗುಂಪುಗಳಿಗೆ ಒಟ್ಟು 75 ನಿಮಿಷ. ನಮ್ಮ ಪಾಲಿಗೆ ಸಿಕ್ಕಿದ್ದು ತಲಾ ಮೂರೇ ನಿಮಿಷ ಎಂದು ಸಂಘಟನೆಗಳು ಗೊಣಗಿದವು. ಗೊಣಗುವಂಥದ್ದೇನಿದೆ? ಮೊದಲ ನಿಮಿಷ 'ನಮಸ್ಕಾರ ಮೇಡಂ', ಎರಡನೆಯದು 'ನನ್ನ ದನಿ ಕೇಳಿಸ್ತಿದೆಯಾ?' ಉಳಿದ ಒಂದರಲ್ಲಿ ಕನಿಷ್ಠ ವೇತನ, ಪಿಂಚಣಿ, ಖಾಸಗೀಕರಣ, ಕೋಟ್ಯಂತರ ಅಸಂಘಟಿತರ ಗೋಳು. ಹತ್ತು ಸಂಘಟನೆಗಳು ಸಭೆಯನ್ನೇ ಬಹಿಷ್ಕರಿಸಿ ಸರ್ಕಾರದ ಸಮಯ ಉಳಿಸಿಕೊಟ್ಟವು. ಬಜೆಟ್‌ಗೆ ಮುನ್ನ ಸಚಿವಾಲಯದಲ್ಲಿ ಹಂಚುವ ಹಲ್ವಾ ಎಂದಿನಂತೆ ಕುದಿಯಿತು.

ಸರ್ಕಾರ, ಮಾಲೀಕರು, ಕಾರ್ಮಿಕರು ಎದುರುಬದುರು ಕೂರುವ ಭಾರತೀಯ ಕಾರ್ಮಿಕ ಸಮ್ಮೇಳನ ಶುರುವಾದದ್ದು 1942ರಲ್ಲಿ, ಅಂಬೇಡ್ಕರರು ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ. ಮಹಾಯುದ್ಧದ ನಡುವೆ, ಅದೂ ಬ್ರಿಟಿಷರಿಗೆ, ಕೂತು ಮಾತಾಡಲು ಪುರುಸೊತ್ತಿತ್ತು! 46ನೆಯ ಸಮ್ಮೇಳನ 2015ರ ಜುಲೈನಲ್ಲಿ ನಡೆಯಿತು. ಆಮೇಲೆ 29 ಕಾರ್ಮಿಕ ಕಾನೂನುಗಳನ್ನು ಅರೆದು ನಾಲ್ಕು ಸಂಹಿತೆ ಮಾಡಿದರು. ಅವುಗಳಲ್ಲಿ ಮೂರು 2020ರ ಸೆಪ್ಟೆಂಬರಿನಲ್ಲಿ, ವಿರೋಧ ಪಕ್ಷಗಳು ಸದನ ಬಹಿಷ್ಕರಿಸಿದ್ದಾಗ, ಖಾಲಿ ಕುರ್ಚಿಗಳ ಅಮೂಲ್ಯ ಸಲಹೆ ಪಡೆದು ಪಾಸಾದವು. 2025ರ ನವೆಂಬರ್ 21ಕ್ಕೆ ನಾಲ್ಕೂ ಜಾರಿಗೆ ಬಂದಾಗಲೂ 47ನೆಯ ಸಮ್ಮೇಳನ ಸೇರಿರಲಿಲ್ಲ. ತ್ರಿಪಕ್ಷೀಯ ಸಮಾಲೋಚನೆ ನಡೆಸುತ್ತೇವೆಂಬ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 1978ರಲ್ಲೇ ಒಪ್ಪಿಗೆ ಕೊಟ್ಟಿದೆ. ಅದನ್ನೀಗ ಯಾರು ನೆನಪಿಸಬೇಕು? ನೆನಪಿಸಲೂ ಮೂರು ನಿಮಿಷ ಬೇಕಲ್ಲ.

ಕೃಷಿ ಕಾಯ್ದೆಗಳ ಹೊತ್ತಿಗೆ ಮಾತುಕತೆಗೇನೂ ಬರವಿರಲಿಲ್ಲ: 11 ಸುತ್ತು. ಎಲ್ಲವೂ ಕಾಯ್ದೆ ಆದ ಮೇಲೆ, ಹೆಚ್ಚಿನವು ರೈತರು ದಿಲ್ಲಿಯ ಗಡಿಯಲ್ಲಿ ಚಳಿಗೆ ನಡುಗುತ್ತಾ ಕೂತ ಮೇಲೆ.

ದಿಲ್ಲಿಯನ್ನೇ ಯಾಕೆ ಬಯ್ಯಬೇಕು, ವಿಧಾನಸೌಧ ಏನು ಕಮ್ಮಿ? ಕಾರ್ಖಾನೆಯಲ್ಲಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಬಿಟ್ಟ 2023ರ ತಿದ್ದುಪಡಿಗೆ ಕಾರ್ಮಿಕರು ಗಂಟಲು ಹರಿದುಕೊಂಡರೂ ಅದು ಕಾನೂನಾಗಿ ನಿಂತಿತು. ಆಗ ಇದ್ದದ್ದು ಒಂದು ಪಕ್ಷ, ಆಮೇಲೆ ಇನ್ನೊಂದು. ಕಿವಿ ಮಾತ್ರ ಒಂದೇ ಕಂಪನಿಯದು.

2024ರ ಜುಲೈನಲ್ಲಿ ಸಂಪುಟ ಸ್ಥಳೀಯರಿಗೆ ಖಾಸಗಿ ಉದ್ಯೋಗ ಮೀಸಲಿಡುವ ಮಸೂದೆಗೆ ಒಪ್ಪಿತು: ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70. ಮಸೂದೆ ಸರಿಯೋ ತಪ್ಪೋ, ಅದು ಬೇರೆ ಜಗಳ. ಉದ್ಯಮಿಗಳು ಬೆರಳ ತುದಿಯಲ್ಲೇ ಸಿಡುಕಿದರು. ಕಂಪನಿಗಳು ಬೇರೆಡೆ ಹೋದಾವು ಎಂದು ಐಟಿ ಉದ್ಯಮದ ಸಂಘಟನೆ ನಾಸ್ಕಾಂ ಹೇಳಿಕೆ ಕೊಟ್ಟಿತು. ಮಸೂದೆಯ ಬಗ್ಗೆ ಮುಖ್ಯಮಂತ್ರಿಗಳು ಜಾಲತಾಣದಲ್ಲಿ ಹಾಕಿದ್ದ ಪೋಸ್ಟ್ ಅಳಿಸಿಹೋಯಿತು. ಸಂಪುಟ ಒಪ್ಪಿ ಎರಡು ದಿನ ಕಳೆಯುವಷ್ಟರಲ್ಲಿ ಮಸೂದೆಗೆ ತಡೆ. ಇಂಥ ಚುರುಕಿನ ಸಮಾಲೋಚನೆಯನ್ನು ಯಾವ ಕಾರ್ಮಿಕ ಸಂಘಟನೆಯೂ ಕಂಡಿರಲಿಕ್ಕಿಲ್ಲ. ಸಭೆ ಕರೆಯಲಿಲ್ಲ, ಲಿಂಕ್ ಕಳಿಸಲಿಲ್ಲ, ಇಷ್ಟೇ ಹೊತ್ತು ಮಾತಾಡಿ ಎಂದು ಯಾರೂ ಹೇಳಲಿಲ್ಲ. ಮಸೂದೆಯನ್ನು ಮತ್ತೊಮ್ಮೆ ಪರಿಶೀಲಿಸುತ್ತೇವೆ ಎಂದು ಸರ್ಕಾರ ಭರವಸೆ ಕೊಟ್ಟಿತು, ಕೆಲಸ ಹುಡುಕುತ್ತಿದ್ದ ಹುಡುಗರಿಗೆ.